ಅಪ್ಪ ಟಿವಿ ಹತ್ತಿರವೇ ಕೂರಲಿ, ಪುಟ್ಟಿ

ಫೆಬ್ರವರಿ 2008

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. ಹಿಂದಿನಿಂದ ಪರದೆಗೆ ಬೆಳಕು ಬಿಟ್ಟು ಚಿತ್ರ ಮೂಡಿಸುವ ರಿಯರ್ ಪ್ರೊಜೆಕ್ಷನ್ ಟಿವಿ ತಗೊಳ್ಳಲೋ, ತೆಳ್ಳಗಿನ ಎಲ್‌ಸಿಡಿ ತಗೊಳ್ಳಲೋ ಅಂತ ಉದ್ದಕ್ಕೆ ಬರೆದಿದ್ದೀಯ. ಅದಕ್ಕೆಲ್ಲ ಉತ್ತರ ಬರೆಯೋಣ ಅಂತಲೇ ಕೂತೆ. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, ‘ದೊಡ್ಡ ಟಿವಿ ತಂದು, ಅಪ್ಪ ಅದರ ಮುಂದೇನೇ ಕೂತು, ಉಳಿದಿರೋ ನೋಟವೂ ನನ್ನಿಂದಲೇ ಹೋದರೆ ಏನ್ ಮಾಡ್ಲಿ ಚಿಕ್ಕಪ್ಪ?’ ಅಂತ. ಅದನ್ನು ಓದಿದ ಮೇಲೆ ಮಿಕ್ಕಿದ್ದೆಲ್ಲ ಹಿಂದಕ್ಕೆ ಹೋಯಿತು.

ಮೊದಲು ಅದಕ್ಕೇ ಉತ್ತರ. ಹೋಗುವುದಿಲ್ಲ. ಟಿವಿ ಹತ್ತಿರ ಕೂತು ನೋಡಿದ ಮಾತ್ರಕ್ಕೆ ಯಾರ ಕಣ್ಣೂ ಹೋಗುವುದಿಲ್ಲ. ಕಣ್ಣು ದಣಿಯುತ್ತದೆ, ರೆಪ್ಪೆ ಬಡಿಯುವುದು ಕಡಿಮೆಯಾಗಿ ಉರಿಯುತ್ತದೆ, ನೀರು ಬರುತ್ತದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರೆ ಸರಿಹೋಗುತ್ತದೆ. ಅಣ್ಣನ ಕಣ್ಣಿಗೆ ಆಗಿರುವುದು ಬೇರೆ, ಅದು ಟಿವಿಯಿಂದ ಬಂದದ್ದಲ್ಲ. ಹಗಲು ಬಾಗಿಲಾಚೆ ಬಿದ್ದಿರುವ ಬೆಳಕಿನ ಮುಂದೆ ಟಿವಿಯ ಬೆಳಕು ಏನೇನೂ ಅಲ್ಲ. ನಾನು ಹೇಳಿದರೆ ಸಾಲದು ಅಂತ ಗೊತ್ತು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಇದೊಂದೇ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳು. ಮನಸ್ಸಲ್ಲಿ ಇಟ್ಟುಕೊಂಡು ಕೊರಗಬೇಡ.

ಈ ಹೆದರಿಕೆ ನಿನ್ನಲ್ಲಿ ತಾನಾಗಿ ಹುಟ್ಟಿದ್ದಲ್ಲ, ನಾವೇ ಹುಟ್ಟಿಸಿದ್ದು. ‘ದೂರ ಕೂತ್ಕೋ, ಕಣ್ಣು ಹಾಳಾಗುತ್ತೆ’ ಅಂತ ನಿನಗೆ ಎಷ್ಟು ಸಲ ಹೇಳಿಲ್ಲ! ಆ ಮಾತಿಗೂ ಒಂದು ಬೇರು ಇದೆ. ಹಳೇ ಕಲರ್ ಟಿವಿಯ ಪಿಕ್ಚರ್ ಟ್ಯೂಬಿಗೆ ಸುಮಾರು 25,000 ವೋಲ್ಟ್ ಕೊಡಬೇಕಿತ್ತು. 1967ರಲ್ಲಿ ಅಮೆರಿಕದಲ್ಲಿ ಕೆಲವು ಕಲರ್ ಟಿವಿಗಳಿಂದ ಮಿತಿಗಿಂತ ಜಾಸ್ತಿ ಎಕ್ಸ್‌ರೇ ಹೊರಗೆ ಬರುತ್ತಿದೆ ಅಂತ ಗೊತ್ತಾಗಿ ದೊಡ್ಡ ಗದ್ದಲವಾಯಿತು. 1968ರಲ್ಲಿ ಅಲ್ಲಿ ಅದಕ್ಕೊಂದು ಕಾನೂನೇ ಬಂತು. ಎಕ್ಸ್‌ರೇ ತಡೆಯುವ ಹಾಗೆ ಟ್ಯೂಬಿನ ಗಾಜಿಗೆ ಸೀಸದಂಥವನ್ನು ಬೆರೆಸುತ್ತಿದ್ದರು, ಆಮೇಲಿನ ಸೆಟ್‌ಗಳಲ್ಲಿ ಆ ಭಯ ಉಳಿಯಲಿಲ್ಲ. ಮಾತು ಮಾತ್ರ ಮನೆಮನೆಯಲ್ಲೂ ಉಳಿದುಬಿಟ್ಟಿತು. ನೀನು ನೋಡಿಟ್ಟಿರುವ ಎರಡು ಟಿವಿಯಲ್ಲೂ ಆ ಟ್ಯೂಬೇ ಇಲ್ಲ.

ಆ ಮಾತಿಂದ ಅತ್ಯಂತ ಜಾಸ್ತಿ ಕಷ್ಟಪಟ್ಟವಳು ನಮ್ಮಮ್ಮ. ಕೊನೆಗಾಲದಲ್ಲಿ ಅವಳಿಗೂ ಕಣ್ಣು ಮಂಜಾಗಿತ್ತಲ್ಲ. ಮೆಲ್ಲಗೆ ಕುರ್ಚಿ ಎಳೆದುಕೊಂಡು ಟಿವಿ ಹತ್ತಿರ ಬರುವಳು. ಯಾರಾದರೊಬ್ಬರು ಕುರ್ಚಿ ಸಮೇತ ಹಿಂದಕ್ಕೆ ಸರಿಸುವರು. ಅಲ್ಲಿಂದಲೇ ‘ಏನೋ ಬರ್ದಿದಾರೆ, ಓದ್ರೋ’ ಅಂತ ಕೇಳುವಳು. ನಾವು ಓದಿ ಹೇಳುತ್ತಿದ್ದೆವು, ಅಷ್ಟು ಮಾಡಿದರೆ ಸಾಕು ಅಂದುಕೊಂಡಿದ್ದೆವು. ಹತ್ತಿರ ಕೂತರೆ ಅವಳೇ ಓದಿಕೊಳ್ಳುತ್ತಿದ್ದಳು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ನಿನ್ನ ಆ ಸಾಲು ನನ್ನನ್ನು ಇಷ್ಟು ಕಲಕಿತು. ಅಣ್ಣನ ಕುರ್ಚಿಯನ್ನು ಯಾರೂ ಹಿಂದಕ್ಕೆ ಸರಿಸಬಾರದು ಪುಟ್ಟಿ.

ಹತ್ತಿರ ಕೂರುವುದು ಚಟವಲ್ಲ, ಅದೇ ಅವನಿಗೆ ಭೂತಗನ್ನಡಿ. ದೂರ ಅರ್ಧ ಮಾಡಿದರೆ ಕಣ್ಣಿಗೆ ಚಿತ್ರ ಎರಡರಷ್ಟು ದೊಡ್ಡದಾಗಿ ಬೀಳುತ್ತದೆ. ನೀನು ಬರೆದಿರುವ ಅಳತೆಯನ್ನೇ ತಗೋ. ರಿಯರ್ ಪ್ರೊಜೆಕ್ಷನ್ 56 ಇಂಚು, ಎಲ್‌ಸಿಡಿ 40 ಇಂಚು. ಒಂದೇ ದುಡ್ಡಿಗೆ ಅಷ್ಟು ದೊಡ್ಡದು ಬರುತ್ತಲ್ಲ ಅಂತ ನಿನ್ನ ಮನಸ್ಸು ಅತ್ತ ವಾಲಿದೆ. ಆದರೆ 56 ಇಂಚನ್ನು 7 ಅಡಿ ದೂರದಿಂದ ನೋಡುವುದೂ, 40 ಇಂಚನ್ನು 5 ಅಡಿಯಿಂದ ನೋಡುವುದೂ ಕಣ್ಣಿಗೆ ಒಂದೇ. ಕುರ್ಚಿಯನ್ನು 2 ಅಡಿ ಮುಂದಕ್ಕೆ ಹಾಕಿದರೆ ಮುಗಿಯಿತು. ಇನ್ನೂ ಕಾಣದಿದ್ದರೆ ಇನ್ನಷ್ಟು ಮುಂದಕ್ಕೆ.

ಹತ್ತಿರ ಹೋದರೆ ತೊಂದರೆ ಬರುವುದು ರಿಯರ್ ಪ್ರೊಜೆಕ್ಷನ್ನಿನಲ್ಲೇ. ಅದರ ಪರದೆ ಬೆಳಕನ್ನು ಅಕ್ಕಪಕ್ಕಕ್ಕೆ ಚೆನ್ನಾಗಿ ಹರಡುತ್ತದೆ, ಮೇಲೆ ಕೆಳಗೆ ಹರಡುವುದು ಕಡಿಮೆ. ಎದುರಿಗೆ ಸಮನಾಗಿ ಕೂತರೆ ಸೊಗಸು. ಎದ್ದು ನಿಂತು ನೋಡು, ಮಬ್ಬು. ನೆಲದ ಮೇಲೆ ಕೂತು ನೋಡು, ಆಗಲೂ ಮಬ್ಬು. ತೀರಾ ಹತ್ತಿರ ಹೋದರೆ ನಡುವೆ ಬೆಳಗಿ, ಮೇಲಿನ ಅಂಚು, ಕೆಳಗಿನ ಅಂಚು ಕಪ್ಪಗಾದ ಹಾಗೆ ಕಾಣುತ್ತದೆ. ಸುದ್ದಿಯ ಅಕ್ಷರ ಓಡುವುದು ಕೆಳಗಿನ ಅಂಚಿನಲ್ಲೇ ಅಲ್ವಾ? ಅಣ್ಣ ಮಂಚದ ಮೇಲೆ ಒರಗಿ ನೋಡುವವನು ಬೇರೆ. ಎಲ್‌ಸಿಡಿಯಲ್ಲೂ ಓರೆಯಿಂದ ನೋಡಿದರೆ ಬಣ್ಣ ಸ್ವಲ್ಪ ಕೆಡುತ್ತದೆ, ಕಪ್ಪು ಬೂದಿಯಾಗುತ್ತದೆ. ಆದರೂ ಅಷ್ಟು ಮಬ್ಬಾಗುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡ ಯೋಚನೆ ದೀಪದ್ದು. ನೀನು ನೋಡಿರುವ ರಿಯರ್ ಪ್ರೊಜೆಕ್ಷನ್ ಡಿಎಲ್‌ಪಿ ಅನ್ನುವ ಜಾತಿಯದು. ಅದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಲ್ಯಾರಿ ಹಾರ್ನ್‌ಬೆಕ್ ಅನ್ನುವವರು 1987ರಲ್ಲಿ ಮಾಡಿದ ಎಲೆಕ್ಟ್ರಾನಿಕ್ ಚಿಪ್ಪು ಅದರ ಜೀವ. ಬೆರಳ ಮೇಲೆ ಇಡಬಹುದಾದ ಚಿಪ್ಪಿನಲ್ಲಿ ಲಕ್ಷಗಟ್ಟಲೆ ಕನ್ನಡಿಗಳು, ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ವಾಲುತ್ತದೆ. ಮೊದಲ ಸಲ ಅಂಥ ಸೆಟ್ ಬಿಚ್ಚಿದಾಗ ಕೆಲಸ ಬಿಟ್ಟು ಸುಮ್ನೆ ನೋಡುತ್ತಾ ನಿಂತಿದ್ದೆ. ಕಪ್ಪು ಬಣ್ಣವೂ, ಓಡುವ ಚಿತ್ರವೂ ಈ ಹೊತ್ತಿನ ಎಷ್ಟೋ ಎಲ್‌ಸಿಡಿಗಳಿಗಿಂತ ಅದರಲ್ಲೇ ಚೆನ್ನ. ಆದರೆ ಅಷ್ಟೂ ಕನ್ನಡಿಗಳಿಗೆ ಬೆಳಕು ಬರುವುದು ಒಂದು ಪುಟ್ಟ ಪಾದರಸದ ದೀಪದಿಂದ. ಅದರ ಆಯುಸ್ಸು 6,000 ಗಂಟೆ ಅಂತ ಬರೆದಿರುತ್ತಾರೆ ಅಂದುಕೋ. ನಿಮ್ಮ ಮನೆಯಲ್ಲಿ ದಿನಕ್ಕೆ 10 ಗಂಟೆ ಟಿವಿ ಓಡುತ್ತದೆ. 600 ದಿನ ಆಯಿತು, ಎರಡು ವರ್ಷವೂ ಇಲ್ಲ.

ದೀಪ ಒಂದೇ ಸಲ ಪಟ್ ಅಂತ ಹೋದರೆ ಚಿಂತೆಯಿಲ್ಲ, ಬೇರೆ ಹಾಕಿದರಾಯಿತು. ಅದು ಹಾಗೆ ಹೋಗುವ ಮೊದಲು ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಮಂಕಾಗುತ್ತಾ ಬರುತ್ತದೆ. ಕಣ್ಣು ಚೆನ್ನಾಗಿರುವ ನಿಮಗೆ ಗೊತ್ತೇ ಆಗುವುದಿಲ್ಲ. ಅಣ್ಣನಿಗೆ ಗೊತ್ತಾಗುತ್ತದೆ, ಆದರೆ ಅವನು ದೀಪ ಮಂಕಾಯಿತು ಅನ್ನುವುದಿಲ್ಲ, ನನ್ನ ಕಣ್ಣೇ ಹೋಗುತ್ತಿದೆ ಅಂದುಕೊಳ್ಳುತ್ತಾನೆ. ಬಾಯಿಬಿಟ್ಟು ಹೇಳುವುದೂ ಇಲ್ಲ, ಅವನ ಸ್ವಭಾವ ಗೊತ್ತಲ್ಲ. ನೀನು ‘ನನ್ನಿಂದಲೇ ಹೋದರೆ’ ಅಂತ ಬರೆದದ್ದು ನನ್ನನ್ನು ಕಾಡುತ್ತಿರುವುದು ಇದಕ್ಕೇ. ಕಣ್ಣು ಹೋಗದೇ ಇದ್ದರೂ ಹೋಯಿತು ಅನ್ನಿಸುವ ಹಾಗೆ ಆಗಬಾರದು.

ಇದು ನನ್ನ ಕಲ್ಪನೆಯಲ್ಲ. ರಿಪೇರಿ ಕೆಲಸ ಮಾಡುತ್ತಿದ್ದಾಗ ವಯಸ್ಸಾದ ಒಬ್ಬರು ಸೆಟ್ ತಂದಿದ್ದರು. ಸೌಂಡ್ ಸರಿಯಿಲ್ಲ ಅಂತ ಮಾತ್ರ ಹೇಳಿದರು. ಆನ್ ಮಾಡಿದರೆ ಟ್ಯೂಬು ಪೂರ್ತಿ ವೀಕ್. ಚಿತ್ರ ಮಸುಕು, ಬಿಳಿ ಅನ್ನುವುದೇ ಇಲ್ಲ. ಬ್ರೈಟ್‌ನೆಸ್ ಅದಾಗಲೇ ತುದಿಗೆ ಏರಿತ್ತು. ಪಕ್ಕದಲ್ಲಿದ್ದ ಒಳ್ಳೆಯ ಸೆಟ್ಟಿಗೆ ಅದೇ ಕೇಬಲ್ ಹಾಕಿ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ‘ಹಂಗಾದ್ರೆ ನನ್ನ ಕಣ್ಣಲ್ವಾ?’ ಅಂದರು. ಅಷ್ಟರಲ್ಲಿ ಕನ್ನಡಕ ಬದಲಾಯಿಸಿ, ರಾತ್ರಿ ಓದುವುದನ್ನೂ ಬಿಟ್ಟಿದ್ದರಂತೆ, ಕಣ್ಣು ಉಳಿಯಲಿ ಅಂತ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಎಲ್‌ಸಿಡಿಯ ಹಿಂದೆಯೂ ದೀಪ ಇದೆ, ಸಣ್ಣ ಟ್ಯೂಬ್‌ಲೈಟಿನಂಥವು. ಅವೂ ಮಂಕಾಗುತ್ತವೆ. ಆದರೆ ಬೆಳಕು ಅರ್ಧಕ್ಕೆ ಇಳಿಯಲು 60,000 ಗಂಟೆ ಅಂತ ಕಂಪನಿಗಳು ಹೇಳುತ್ತವೆ. ಅದರಲ್ಲಿ ಅರ್ಧ ಮಾತ್ರ ನಂಬಿದರೂ, ದಿನಕ್ಕೆ 10 ಗಂಟೆಯಂತೆ ಎಂಟು ವರ್ಷ. ಆ ಲೆಕ್ಕ ಹಾಕಿದ ಮೇಲೆ ನನ್ನ ಮನಸ್ಸು ಎಲ್‌ಸಿಡಿಯ ಕಡೆಗೇ ನಿಂತಿತು.

ಇನ್ನೊಂದು. ಹೋದ ಡಿಸೆಂಬರ್‌ನಲ್ಲಿ ಸೋನಿಯವರು ರಿಯರ್ ಪ್ರೊಜೆಕ್ಷನ್ ಟಿವಿ ಮಾಡುವುದನ್ನೇ ನಿಲ್ಲಿಸುತ್ತೇವೆ ಅಂದರು. ಬೇರೆಯವರು ಇನ್ನೂ ಮಾಡುತ್ತಿದ್ದಾರೆ. ಆದರೆ ದೊಡ್ಡವರೊಬ್ಬರು ಕೈಬಿಟ್ಟಾಗ ಮುಂದೆ ದೀಪ, ಸಾಮಾನು ಹುಡುಕುವುದು ಸುಲಭ ಇರುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಡಿಎಲ್‌ಪಿಯಲ್ಲಿ ಬಣ್ಣದ ಚಕ್ರವೊಂದು ತಿರುಗುತ್ತಾ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ತೋರಿಸುತ್ತದೆ. ಕಣ್ಣು ಅತ್ತಿತ್ತ ಹೊರಳಿಸಿದಾಗ ಕೆಲವರಿಗೆ ಕಾಮನಬಿಲ್ಲಿನ ಗೆರೆ ಹಾಯ್ದ ಹಾಗೆ ಕಾಣುತ್ತದೆ. ಅಣ್ಣ ಈಗ ಓರೆಗಣ್ಣಲ್ಲೇ ನೋಡುವುದು ಅಂತ ಬರೆದಿದ್ದೀಯ. ಅವನಿಗೆ ಕಂಡರೂ ಕಾಣಬಹುದು. ಕಂಡರೆ ಅದನ್ನೂ ಕಣ್ಣಿನ ಲೆಕ್ಕಕ್ಕೇ ಹಾಕಿಕೊಳ್ಳುತ್ತಾನೆ.

ನಾನು ಹೀಗೆ ಹೇಳಿದೆ ಅಂತ ಅದನ್ನೇ ತಗೋಬೇಕು ಅಂತಿಲ್ಲ. ದುಡ್ಡು ನಿನ್ನದು, ಮನೆ ನಿನ್ನದು. ಆದರೆ ಅಣ್ಣನನ್ನೇ ಅಂಗಡಿಗೆ ಕರೆದುಕೊಂಡು ಹೋಗು. ನಿಂತು ನೋಡಬೇಡಿ, ಕುರ್ಚಿ ಕೇಳು, ಮನೆಯಲ್ಲಿ ಅವನು ಎಷ್ಟು ಎತ್ತರದಲ್ಲಿ ಇರುತ್ತಾನೋ ಅಷ್ಟೇ ಎತ್ತರ. ಅಂಗಡಿಯವರು ಹಾಕುವ ಹೂವು, ಹಕ್ಕಿಯ ಚಿತ್ರ ಬೇಡ. ಸುದ್ದಿ ಹಾಕಿಸು. ಕೆಳಗೆ ಓಡುವ ಅಕ್ಷರ ಅವನಿಗೆ ಎಷ್ಟು ಹತ್ತಿರದಿಂದ ಓದಲು ಬರುತ್ತದೆ ನೋಡಿ, ಆ ದೂರವನ್ನು ಟೇಪ್ ಹಿಡಿದು ಅಳೆದುಕೊಂಡು ಬಾ. ಪರದೆಯಲ್ಲಿ ಚುಕ್ಕಿಗಳ ಸಾಲು 1080 ಬೇಕಾ, 768 ಸಾಕಾ ಅಂತ ಕೇಳಿದ್ದೀಯ. ಅಣ್ಣನಿಗೆ ಅದರಿಂದ ವ್ಯತ್ಯಾಸ ಆಗುವುದು ಕಷ್ಟ. ಇದನ್ನು ಬರೆಯಲು ನನಗೆ ಮನಸ್ಸು ಬರಲಿಲ್ಲ, ಆದರೆ ಸುಮ್ನೆ ಅದಕ್ಕೆ ಜಾಸ್ತಿ ದುಡ್ಡು ಹಾಕಬೇಡ.

ಮನೆಗೆ ಬಂದ ಮೇಲೆ ಕಿಟಕಿ ಟಿವಿಯ ಎದುರಿಗೂ ಹಿಂದಕ್ಕೂ ಬಾರದ ಹಾಗೆ ಇಡು, ಪಕ್ಕದಲ್ಲಿದ್ದರೆ ಪರವಾಗಿಲ್ಲ. ರಾತ್ರಿ ಕತ್ತಲೆ ಮಾಡಿ ನೋಡುವುದು ಬೇಡ, ಒಂದು ದೀಪ ಹತ್ತಿರಲಿ. ಹೊಸ ಟಿವಿ ಅಂಗಡಿಗೆ ಬೇಕಾದ ಹಾಗೆ ತೀರಾ ಬೆಳಗುತ್ತಿರುತ್ತದೆ. ಬ್ಯಾಕ್‌ಲೈಟ್, ಅಂದರೆ ಹಿಂದಿನ ದೀಪದ ಬೆಳಕು, ಇಳಿಸು, ಕಾಂಟ್ರಾಸ್ಟ್ ಇಳಿಸಬೇಡ. ಎಷ್ಟು ಇಳಿಸಿದೆ ಅಂತ ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಡು. ಮುಂದೆ ಎಂದಾದರೂ ಅಣ್ಣ ಸರಿಯಾಗಿ ಕಾಣುತ್ತಿಲ್ಲ ಅಂದರೆ, ಮೊದಲು ಟಿವಿಯನ್ನೇ ನೋಡು. ಅಂಕಿ ಬದಲಾಗಿದೆಯಾ, ಪರದೆಯ ಮೇಲೆ ಧೂಳು ಕೂತಿದೆಯಾ, ನಿನ್ನ ಕಣ್ಣಿಗೆ ಹೇಗೆ ಕಾಣುತ್ತಿದೆ? ಟಿವಿ ಸರಿಯಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಕುರ್ಚಿ ಮುಂದಕ್ಕೆ ಬಂದರೆ ಕೇಬಲ್ಲು ಅವನ ಕಾಲಿಗೆ ಸಿಗುತ್ತದೆ. ಅದನ್ನು ನೆಲದ ಮೇಲೆ ಬಿಡದೆ ಗೋಡೆ ಪಕ್ಕಕ್ಕೆ ಕ್ಲಿಪ್ ಹೊಡೆಸು. ಅತ್ತಿಗೆಗೆ ಕುರ್ಚಿಯ ವಿಷಯ ನೀನು ಹೇಳಬೇಡ, ನಾನೇ ಫೋನ್ ಮಾಡಿ ಹೇಳುತ್ತೇನೆ.

ನಿನ್ನ ಚಿಕ್ಕಪ್ಪ