ಮೂರನೆಯ ಪ್ರಿಂಟಿನ ಮುಂದೆ ಇನ್ನಷ್ಟು ಹೊತ್ತು ನಿಲ್ಲು

ಮಾಟುಂಗಾ, ಮುಂಬಯಿ

ಪ್ರೀತಿಯ ತಂಗಿ,

ಜಹಾಂಗೀರ್ ಆರ್ಟ್ ಗ್ಯಾಲರಿಯ ಛಾಯಾಚಿತ್ರ ಪ್ರದರ್ಶನದ ಬಗ್ಗೆ ನೀನು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ನಿನ್ನ ಭಾಷೆಗೆ ಓಟವಿದೆ. ಆದರೆ ‘ನೆರಳು ಬೆಳಕಿನ ಕಾವ್ಯ’ ಎಂದು ನೀನು ಬರೆದಲ್ಲೆಲ್ಲ ಚಿತ್ರ ನನ್ನ ಕಣ್ಣಿನಿಂದ ಮರೆಯಾಯಿತು. ಯಾರ ಫೋಟೊಗೂ ಹೊಂದುವ ಮಾತದು. ಐದು ದಶಕ ಕ್ಯಾಮೆರಾ ಹಿಡಿದ ಆ ಹಿರಿಯರಿಗೇ ಸಲ್ಲುವ ಮಾತನ್ನು ಹುಡುಕು.

ಅವರು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ಮಾಣಿಯಾಗಿದ್ದದ್ದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ್ದು, ಇದಕ್ಕೆ ಇಡೀ ಪುಟ ಕೊಟ್ಟಿದ್ದೀಯ. ನಮ್ಮವರೆಂಬ ಅಭಿಮಾನ ನನಗೂ ಇದೆ, ಆದರೂ ನಾಲ್ಕು ಸಾಲು ಸಾಕು. ಮೂಲೆಯಲ್ಲಿದ್ದ ಗಾಜಿನ ಮೇಜಿಗೆ ನೀನು ಕೊಟ್ಟದ್ದು ಒಂದೇ ಸಾಲು. ನನಗೆ ಬೇಸರವಾದದ್ದು ಅಲ್ಲಿ.

ಆ ಮೇಜಿನಲ್ಲಿ ಒಂದು ಕಾಂಟ್ಯಾಕ್ಟ್ ಶೀಟ್ ಇದೆ. ನೆಗೆಟಿವ್ ಪಟ್ಟಿಗಳನ್ನೇ ಕಾಗದಕ್ಕೆ ಒತ್ತಿ, ಹಿಗ್ಗಿಸದೆ ಮುದ್ರಿಸಿದ ಹಾಳೆ. 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದ ಕಾಲ. ಪರೇಲಿನ ಒಂದು ಗೇಟಿನ ಮುಂದೆ ತೆಗೆದ 36 ಚಿತ್ರಗಳ ರೋಲು ಅದು. ಬಹುಪಾಲು ಚಿತ್ರಗಳಲ್ಲಿ ಬಾವುಟ, ಘೋಷಣೆ, ಎತ್ತಿದ ಮುಷ್ಟಿ. ಕೆಂಪು ಪೆನ್ಸಿಲಿನ ಗುರುತು ಬಿದ್ದಿರುವುದು ಒಂದಕ್ಕೆ ಮಾತ್ರ: ಮುಚ್ಚಿದ ಗೇಟು, ಕಟ್ಟೆಯ ಮೇಲೆ ಯಾರೋ ಮರೆತುಹೋದ ಊಟದ ಡಬ್ಬಿ. ಉಳಿದ ಮೂವತ್ತೈದನ್ನು ಏಕೆ ಬಿಟ್ಟರೆಂದು ಒಂದೊಂದನ್ನೇ ನೋಡುತ್ತಾ ಹೋಗು, ನಿನ್ನ ಲೇಖನ ಅಲ್ಲಿಂದ ಹುಟ್ಟುತ್ತದೆ.

ಪಕ್ಕದ ಗೋಡೆಯಲ್ಲಿ ಅದೇ ನೆಗೆಟಿವ್‌ನ ಮೂರು ಪ್ರಿಂಟುಗಳಿವೆ. ಒಂದು ಆಗಿನದು, ಒಂದು ನಡುವಯಸ್ಸಿನದು, ಇನ್ನೊಂದು ಈ ವರ್ಷದ್ದು. ಡಾರ್ಕ್ ರೂಮಿನಲ್ಲಿ, ನೆಗೆಟಿವ್ ಅನ್ನು ಹಿಗ್ಗಿಸಿ ತೋರಿಸುವ ಎನ್‌ಲಾರ್ಜರ್‌ನ ಬೆಳಕು ಕಾಗದದ ಮೇಲೆ ಹೆಚ್ಚು ಹೊತ್ತು ಬಿದ್ದಷ್ಟೂ ಚಿತ್ರ ಕಪ್ಪಾಗುತ್ತದೆ. ರಟ್ಟಿನ ತುಂಡನ್ನು ಅಡ್ಡ ಹಿಡಿದರೆ ಅಷ್ಟು ಜಾಗ ತಿಳಿಯಾಗಿ ಉಳಿಯುತ್ತದೆ. ಮೊದಲ ಪ್ರಿಂಟಿನಲ್ಲಿ ಗೇಟು ಮತ್ತು ಡಬ್ಬಿ ಬಿಟ್ಟು ಉಳಿದದ್ದೆಲ್ಲ ಕತ್ತಲು. ಈ ವರ್ಷದ್ದರಲ್ಲಿ ಎಡಮೂಲೆಗೆ ಆರು ಸೆಕೆಂಡು ರಟ್ಟು ಹಿಡಿದಿದ್ದಾರೆ, ಅದನ್ನು ಗುರುತು ಮಾಡಿಕೊಂಡ ತೆಳು ಕಾಗದವೂ ಮೇಜಿನಲ್ಲಿದೆ. ಆ ಮೂಲೆಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಾಳೆ! ನಲವತ್ತು ವರ್ಷಕ್ಕೂ ಮೇಲೆ ಅವಳು ನೆಗೆಟಿವ್‌ನಲ್ಲೇ ಇದ್ದಳು.

ಅವಳನ್ನು ನೋಡಿದ ಮೇಲೆ ನನಗೆ ಅಲ್ಲಿಂದ ಕದಲಲಾಗಲಿಲ್ಲ. ಮುಷ್ಕರದ ಮೇಲೆ ನಾನೂ ಆಗ ಒಂದು ಕಥೆ ಬರೆದಿದ್ದೆ. ಮನೆಗೆ ಬಂದವನೇ ಅದರ ಕರಡನ್ನು ಹುಡುಕಿ ತೆಗೆದೆ. ಕಾರ್ಮಿಕನ ಹೆಂಡತಿ ಅಡ್ಡಗೆರೆ ಎಳೆದ ಎರಡು ವಾಕ್ಯಗಳಲ್ಲಿದ್ದಳು, ಅಚ್ಚಾದ ಕಥೆಯಲ್ಲಿ ಇಲ್ಲ. ಈಗ ಅವಳಿಂದಲೇ ಮತ್ತೆ ಬರೆಯತೊಡಗಿದ್ದೇನೆ. ಮೊಬೈಲಿನಲ್ಲಿರುವ ಹಳೆಯ ಕರಡುಗಳನ್ನು ಅಳಿಸಿಬಿಡುತ್ತೇನೆ ಎಂದು ನೀನು ಕಳೆದ ತಿಂಗಳು ಹೇಳಿದ್ದೆ. ದಯವಿಟ್ಟು ಅಳಿಸಬೇಡ.

ಪ್ರದರ್ಶನ ಈ ಭಾನುವಾರಕ್ಕೆ ಮುಗಿಯುತ್ತದೆ. ಡೊಂಬಿವಲಿಯಿಂದ ಬೇಗ ಹೊರಟು, ಹನ್ನೊಂದಕ್ಕೆ ಬಾಗಿಲು ತೆರೆಯುವಾಗಲೇ ಹೋಗು, ಜನ ಕಡಿಮೆ ಇರುತ್ತಾರೆ. ಆ ಹೆಂಗಸು ಮಡಿಲಲ್ಲಿ ಏನನ್ನೋ ಹಿಡಿದುಕೊಂಡಿದ್ದಾಳೆ. ಮಗುವೋ, ಬಟ್ಟೆಯ ಗಂಟೋ, ನನ್ನ ಕಣ್ಣಿಗೆ ತಿಳಿಯಲಿಲ್ಲ. ನೀನು ನೋಡಿ ಬರೆ.

ನಿನ್ನ,
ಅಣ್ಣ