ಅಟ್ಟದ ಮೇಲೆ ಕಾಗದ ಇರುವಾಗ ಲಂಡನ್ನಿನ ನಕಲಿ ಟಿಕೆಟ್ ಯಾಕೆ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಕ್ರಿಸ್ಮಸ್‌ಗೆ ಮನೆಯಲ್ಲೇ ಕಾರ್ಡ್ ಮಾಡುವುದು, ಜಂಕ್ ಜರ್ನಲ್ ಕಟ್ಟುವುದು ಹೇಗೆ ಅಂತ ಒಂದು ಬರಹ ಬಂದಿತ್ತು. ಓದಿ ತುಂಬಾ ಖುಷಿಯಾಯಿತು. ನಲವತ್ತು ವರ್ಷದಿಂದ ಕೈಯಾರೆ ಕಾರ್ಡ್ ಮಾಡುತ್ತಾ ಬಂದವಳು ನಾನು, ಈ ಕೆಲಸಕ್ಕೆ ಪತ್ರಿಕೆಯಲ್ಲಿ ಅರ್ಧ ಪುಟ ಸಿಕ್ಕಿದ್ದು ನೋಡಿದ್ದು ಇದೇ ಮೊದಲು. ಆದರೆ ಕೊನೆಯಲ್ಲಿದ್ದ ಸಾಮಾನಿನ ಪಟ್ಟಿ ಓದುವಾಗ ಮನಸ್ಸು ಚುರ್ ಎಂದಿತು. ಹಳೆಯದರ ಹಾಗೆ ಕಾಣುವಂತೆ ಅಚ್ಚು ಹಾಕಿದ ಕಾಗದದ ಪ್ಯಾಕೆಟ್, ಲಂಡನ್ ರೈಲಿನ ಟಿಕೆಟ್‌ನ ನಕಲು, ಯಾರದ್ದೋ ಫ್ರೆಂಚ್ ಕೈಬರಹದ ಹಾಳೆ, ಬಂಗಾರದ ಬಣ್ಣದ ಗ್ಲಿಟರ್, ಫೋಮ್ ಶೀಟ್. ಎಲ್ಲಾ ಕೊಂಡರೆ ಸಾವಿರ ರೂಪಾಯಿ ಆರಾಮಾಗಿ ದಾಟುತ್ತದೆ.

ಜಂಕ್ ಜರ್ನಲ್ ಅನ್ನುವ ಹೆಸರಲ್ಲೇ ಎಲ್ಲಾ ಇದೆ ಅಲ್ವಾ? ಬಿಸಾಡಬೇಕಾಗಿದ್ದ ಕಾಗದ ಸೇರಿಸಿ ಹೊಲಿದು, ಅದರಲ್ಲಿ ಬರೆದು, ಅಂಟಿಸಿ, ಕಿಸೆ ಮಾಡಿ, ಚೀಟಿ ಸಿಕ್ಕಿಸಿ ಇಟ್ಟುಕೊಳ್ಳುವ ಪುಸ್ತಕ ಅದು. ಅದಕ್ಕೆ ಹಳೆಯ ಕಾಗದದ ನಕಲನ್ನು ದುಡ್ಡು ಕೊಟ್ಟು ತರುವುದು, ನಮ್ಮ ಅಟ್ಟದ ಮೇಲಿರುವ ನಿಜವಾದ ಹಳೆಯ ಕಾಗದವನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವುದು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ ಹಾಗೆ ಆಯಿತು.

ನಾನು ಈ ಕೆಲಸ ಕಲಿತದ್ದು ಪಕ್ಕದ ಮನೆಯ ಬಾಯಮ್ಮನಿಂದ. ಮಂಗಳೂರಿನಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಕ್ರಿಸ್ಮಸ್ ಹತ್ತಿರ ಬಂದ ಹಾಗೆ ಕ್ರಿಶ್ಚಿಯನ್ ಮನೆಗಳಿಂದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಬರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ, ಮೇಲೊಂದು ಬಿಳಿ ಬಟ್ಟೆ ಮುಚ್ಚಿ. ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮನ ಕಟ್ಟುನಿಟ್ಟು. ಒಂದು ವರ್ಷ ಮನೆಯಲ್ಲಿ ಕೊಡುವುದಕ್ಕೆ ಏನೂ ಇರಲಿಲ್ಲ. ಆಗ ನಾನು ಏಳನೇ ಕ್ಲಾಸು. ಒಂದು ಮದುವೆ ಕಾಗದದ ಹಿಂದಿನ ಬಿಳಿ ಭಾಗದಲ್ಲಿ ನಕ್ಷತ್ರ ಬರೆದು, ಮಡಿಸಿ, ತಟ್ಟೆಯಲ್ಲಿಟ್ಟು ಕೊಟ್ಟೆ. ಬಾಯಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬಾ ಅವರಿಗೆ ಬಂದಿದ್ದ ಕಾರ್ಡುಗಳು, ಲಕೋಟೆಗಳು, ರಿಬ್ಬನ್ ತುಂಡುಗಳು. 'ನಾಳೆ ಸಂಜೆ ಬಾ ಮಗಾ, ಇದರಲ್ಲಿ ಮಾಡುವ' ಅಂದರು. ಮುಂದಿನ ವರ್ಷದ ಕಾರ್ಡು ಹಿಂದಿನ ವರ್ಷದ ಕಾರ್ಡಿನಿಂದ ಹುಟ್ಟುತ್ತದೆ ಅಂತ ನನಗೆ ಗೊತ್ತಾದದ್ದು ಆ ಸಂಜೆ.

ಅವರು ಕಲಿಸಿದ್ದರಲ್ಲಿ ನನಗೆ ಇವತ್ತಿಗೂ ತುಂಬಾ ಇಷ್ಟವಾದದ್ದು ಸುರುಳಿ ಮಡಿಕೆಯ ಮರ. ಐರಿಸ್ ಫೋಲ್ಡಿಂಗ್ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ಹಾಲೆಂಡಿನ ಕಡೆಯ ಕಲೆಯಂತೆ. ಕ್ಯಾಮೆರಾದ ಕಣ್ಣು ಮುಚ್ಚಿಕೊಳ್ಳುವ ಹಾಗೆ ಕಾಗದದ ಪಟ್ಟಿಗಳು ಸುತ್ತುತ್ತಾ ಒಳಗೆ ಹೋಗುತ್ತವೆ. ಬ್ಯಾಂಕಿನಿಂದ ಬರುವ ಲಕೋಟೆಯ ಒಳಭಾಗ ನೋಡಿದ್ದೀರಾ? ಒಳಗಿನ ಅಕ್ಷರ ಹೊರಗೆ ಕಾಣಬಾರದು ಅಂತ ನೀಲಿಯ, ಬೂದಿಯ ಸಣ್ಣ ಸಣ್ಣ ಚಿತ್ತಾರ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಚೆಂದದ ಕಾಗದ ಈ ಕೆಲಸಕ್ಕೆ ಬೇಡವೇ ಬೇಡ.

ಮಾಡುವುದು ಹೀಗೆ. ಕಾರ್ಡಿನ ಮುಖದಲ್ಲಿ ಎಂಟು ಸೆಂಟಿಮೀಟರ್ ಎತ್ತರದ ತ್ರಿಕೋನ ಬರೆದು ಕತ್ತರಿಸಿ ತೂತು ಮಾಡಿ. ಕಾರ್ಡನ್ನು ಮಗುಚಿ ಹಾಕಿ, ಇನ್ನು ಎಲ್ಲಾ ಕೆಲಸ ಬೆನ್ನಿನ ಕಡೆಯಿಂದಲೇ. ಲಕೋಟೆಯನ್ನು ಎರಡು ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಚಿತ್ತಾರ ಹೊರಗೆ ಬರುವ ಹಾಗೆ ಉದ್ದಕ್ಕೆ ಮಡಿಸಿಕೊಳ್ಳಿ. ಮೊದಲ ಪಟ್ಟಿಯ ಮಡಿಸಿದ ಅಂಚು ತೂತಿನ ನಡುವಿನ ಕಡೆಗೆ ಇರಬೇಕು, ತ್ರಿಕೋನದ ಒಂದು ಬದಿಯನ್ನು ಮೂರ್ನಾಲ್ಕು ಮಿಲಿಮೀಟರ್ ಮಾತ್ರ ಮುಚ್ಚಬೇಕು. ಎರಡು ತುದಿಗೂ ಟೇಪು. ಎರಡನೆಯದು ಎರಡನೇ ಬದಿಗೆ, ಮೂರನೆಯದು ಮೂರನೇ ಬದಿಗೆ, ಮತ್ತೆ ಮೊದಲ ಬದಿಗೆ ಬಂದು ಇನ್ನೂ ಮೂರು ಮಿಲಿಮೀಟರ್ ಒಳಗೆ. ಹೀಗೆ ಸುತ್ತುತ್ತಾ ಹೋದರೆ ನಡುವೆ ಉಗುರಿನಷ್ಟು ತ್ರಿಕೋನ ಉಳಿಯುತ್ತದೆ. ಅಲ್ಲಿಗೆ ಚಾಕೊಲೇಟಿನ ಬಂಗಾರದ ಕಾಗದ. ಅಲ್ಲಿಯವರೆಗೆ ಬೆನ್ನಿನ ಕಡೆ ಬರೀ ಟೇಪಿನ ಗಲೀಜು ಕಾಣುತ್ತಿರುತ್ತದೆ, ಮಕ್ಕಳಿಗೆ ಬೇಜಾರೂ ಬಂದಿರುತ್ತದೆ. ಕಾರ್ಡು ತಿರುಗಿಸಿದ ಕೂಡಲೇ ಸುರುಳಿ ಸುತ್ತಿದ ನೀಲಿ ಮರ ಕಾಣುತ್ತದಲ್ಲ, ಆಗ ಮಕ್ಕಳ ಮುಖ ನೋಡಬೇಕು ಸಾರ್.

ಇನ್ನು ಯಾವ ಕಾಗದ ಇಟ್ಟುಕೊಳ್ಳಬಹುದು ಅಂತ ಕೇಳುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಯಕ್ಷಗಾನದ ಹ್ಯಾಂಡ್‌ಬಿಲ್ ಬರುತ್ತದೆ, ಗುಲಾಬಿ, ಹಳದಿ, ತಿಳಿಹಸಿರು ಬಣ್ಣದ ತೆಳು ಕಾಗದ, ಪ್ರಸಂಗದ ಹೆಸರು ದಪ್ಪಕ್ಷರದಲ್ಲಿ. ಬೀಡಿ ಕಟ್ಟಿನ ಲೇಬಲ್ಲು, ಹಳೆಯ ಪಂಚಾಂಗ, ಬಸ್ಸಿನ ಟಿಕೆಟ್ಟು, ಅಂಗಡಿಯ ಕೈಬರಹದ ಬಿಲ್ಲು, ಅಜ್ಜನ ಲೆಕ್ಕದ ಪುಸ್ತಕದ ಕೆಂಪು ಗೆರೆಯ ಹಾಳೆ, ಸೀರೆ ಪೆಟ್ಟಿಗೆಯ ರಟ್ಟು. ಜಂಕ್ ಜರ್ನಲ್ಲಿಗೆ ಕಿಸೆ ಬೇಕಾ, ಮದುವೆ ಕಾಗದದ ಲಕೋಟೆಯ ಬಾಯಿ ಅಂಟಿಸಿ ಅಡ್ಡಕ್ಕೆ ಅರ್ಧ ಮಾಡಿದರೆ ಎರಡು ಕಿಸೆ. ಅದರೊಳಗೆ ಸಿಕ್ಕಿಸುವ ಟ್ಯಾಗ್ ಬೇಕಾ, ಔಷಧಿ ಡಬ್ಬಿಯ ರಟ್ಟಿನ ಮೇಲೆ ಹ್ಯಾಂಡ್‌ಬಿಲ್ ಅಂಟಿಸಿ, ತುದಿಗೆ ತೂತು ಮಾಡಿ ದಾರ ಕಟ್ಟಿದರೆ ಆಯಿತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಮನೆಯವರ ಪತ್ರ, ಜಾಗದ ಕಾಗದ, ಹಳೆಯ ಫೋಟೊ, ಇವುಗಳಿಗೆ ಕತ್ತರಿ ಹಾಕಬೇಡಿ. ಝೆರಾಕ್ಸ್ ಮಾಡಿಸಿ ಅದನ್ನು ಕತ್ತರಿಸಿ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಪ್ರತಿಗೆ ಅಂಟು ಹಚ್ಚಿದರೆ ಸಾಮಾನ್ಯವಾಗಿ ಶಾಯಿ ಹರಡುತ್ತದೆ, ಝೆರಾಕ್ಸ್ ಪ್ರತಿ ಹಾಗಾಗುವುದಿಲ್ಲ. ಅಜ್ಜಿ ಬರೆದ ಒಂದು ಕಾಗದವನ್ನು ನಾನೇ ಒಮ್ಮೆ ಅರಿಯದೆ ಹೂವಿನ ಆಕಾರಕ್ಕೆ ಕತ್ತರಿಸಿದ್ದೆ. ಆ ಕಾಗದದಲ್ಲಿ ಅಮ್ಮನ ಬಾಣಂತನದ ವಿಷಯ ಇತ್ತು. ಅದು ಮತ್ತೆ ಸಿಗುವುದಿಲ್ಲ.

ಪುಸ್ತಕ ಹೊಲಿಯುವುದಕ್ಕೆ ಯಂತ್ರ, ಕಿಟ್ ಏನೂ ಬೇಡ. ನಾಲ್ಕೈದು ಹಾಳೆ ನಡುವೆ ಮಡಿಸಿ ಒಂದರೊಳಗೆ ಒಂದು ಸೇರಿಸಿ, ಮಡಿಕೆಯ ಮೇಲೆ ಮೂರು ತೂತು. ಸೂಜಿ ಒಳಗಿನಿಂದ ನಡುವಿನ ತೂತಲ್ಲಿ ಹೊರಗೆ ಬರಲಿ, ಮೇಲಿನ ತೂತಲ್ಲಿ ಒಳಗೆ ಹೋಗಲಿ, ಒಳಗಿಂದ ಉದ್ದಕ್ಕೆ ಕೆಳಗಿನ ತೂತಿಗೆ ಹೋಗಿ ಹೊರಗೆ ಬರಲಿ, ಮತ್ತೆ ನಡುವಿನ ತೂತಲ್ಲಿ ಒಳಗೆ. ಅಲ್ಲಿ ಉದ್ದದ ದಾರವನ್ನು ಒಳಗೆ ಸೇರಿಸಿಕೊಂಡು ಗಂಟು. ಐದು ನಿಮಿಷದ ಕೆಲಸ. ಹಾಳೆ ಮಡಿಸುವ ಮೊದಲು ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೋಡಿ. ಕಾಗದಕ್ಕೂ ನಾರಿನ ದಿಕ್ಕು ಇದೆ, ಯಾವ ಕಡೆಗೆ ಸುಲಭವಾಗಿ ಬಗ್ಗುತ್ತದೋ ಆ ಕಡೆಗೆ ಮಡಿಸಿದರೆ ಮಡಿಕೆ ಒಡೆಯುವುದಿಲ್ಲ. ದಪ್ಪ ಕಾರ್ಡಾದರೆ ಶಾಯಿ ಮುಗಿದ ರೀಫಿಲ್ಲಿನಿಂದ ಸ್ಕೇಲು ಇಟ್ಟು ಒಂದು ಗೆರೆ ಎಳೆದು ಆಮೇಲೆ ಮಡಿಸಿ.

ಅಂಟಿನ ವಿಷಯ. ಹಿಂದೆ ಮೈದಾ ಬೇಯಿಸಿ ಅಂಟು ಮಾಡುತ್ತಿದ್ದೆವು. ಹುಳ ಹಿಡಿಯಬಾರದು ಅಂತ ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಮೈಲುತುತ್ತ ಇಲ್ಲದ ಮೈದಾ ಅಂಟಿಗೆ ನಮ್ಮ ಮಳೆಗಾಲ ಕಳೆಯುವಷ್ಟರಲ್ಲಿ ಬೂಸ್ಟು ಬರುತ್ತದೆ, ಜಿರಳೆಯೂ ಬರುತ್ತದೆ. ಹಾಗಾಗಿ ನಾನು ಈಗ ಫೆವಿಕಾಲ್ ಬಳಸುತ್ತೇನೆ. ಬೆರಳಲ್ಲಿ ತೆಳ್ಳಗೆ ಸವರಿ, ಒಂದು ರಾತ್ರಿ ದಪ್ಪ ಪುಸ್ತಕದ ಅಡಿಗೆ ಇಟ್ಟರೆ ಕಾಗದ ಸುಕ್ಕಾಗುವುದಿಲ್ಲ.

ಈಗ ನನಗೆ ನಿಜವಾಗಿ ಬೇಸರವಾದ ವಿಷಯ. ಹೋದ ವರ್ಷ ಡಿಸೆಂಬರಿನಲ್ಲಿ ಮೊಮ್ಮಗಳ ಶಾಲೆಯಲ್ಲಿ ಕ್ರಿಸ್ಮಸ್ ಕಾರ್ಡ್ ಮಾಡಿಸಿದರು. ಪ್ರತಿ ಮಗುವಿಗೂ 350 ರೂಪಾಯಿಯ ಕಿಟ್ ತರಲು ಚೀಟಿ ಕಳಿಸಿದ್ದರು. ಒಳಗೆ ಮೊದಲೇ ಕತ್ತರಿಸಿಟ್ಟ ಫೋಮಿನ ಮರ, ಹಿಂದೆ ಸ್ಟಿಕ್ಕರ್, ಒಂದು ಪೊಟ್ಟಣ ಗ್ಲಿಟರ್. ಮಗು ಮಾಡಿದ್ದು ಸ್ಟಿಕ್ಕರ್ ಕಿತ್ತು ಅಂಟಿಸಿದ್ದು, ಅಷ್ಟೇ. ಮನೆಯಿಂದ ಅವಳು ತೆಗೆದುಕೊಂಡು ಹೋಗಿದ್ದ ನೀಲಿ ಲಕೋಟೆಯ ಪಟ್ಟಿಗಳನ್ನು 'ಇದು ಹಳೆಯದು, ಚೆನ್ನಾಗಿ ಕಾಣುವುದಿಲ್ಲ' ಅಂತ ಪಕ್ಕಕ್ಕೆ ಇಡಿಸಿದರಂತೆ. ಸಂಜೆ ಬಂದು ಆ ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟು ಏನೂ ಮಾತಾಡದೆ ಕೂತಳು. ಏಳು ವರ್ಷದ ಮಗು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಟೀಚರಿಗೆ ಕೆಟ್ಟ ಮನಸ್ಸಿಲ್ಲ, ನನಗೆ ಗೊತ್ತು. ಅಂಗಡಿಯಿಂದ ತಂದದ್ದೇ ಚೆಂದ ಅಂತ ನಾವೆಲ್ಲಾ ನಂಬಿಕೊಂಡಿದ್ದೇವೆ. ಆದರೆ ಗ್ಲಿಟರ್ ಹೆಚ್ಚಾಗಿ ಪ್ಲಾಸ್ಟಿಕ್ ಚೂರೇ. ಗುಡಿಸಿದರೂ ಹೋಗುವುದಿಲ್ಲ, ನೀರಿಗೆ ಸೇರುತ್ತದೆ, ಅದು ಅಂಟಿದ ಕಾರ್ಡನ್ನು ಮತ್ತೆ ಕಾಗದ ಮಾಡುವುದೂ ಕಷ್ಟ. ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ 2023ರ ಅಕ್ಟೋಬರಿನಿಂದ ನಿರ್ಬಂಧ ಇದೆ. ನಮ್ಮಲ್ಲೂ 2022ರ ಜುಲೈ 1ರಿಂದ ನಿಂತ ಒಂದೇ ಸಲ ಬಳಸುವ ಪ್ಲಾಸ್ಟಿಕ್ಕುಗಳ ಪಟ್ಟಿಯಲ್ಲಿ ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ಇಷ್ಟಾದ ಮೇಲೂ ಶಾಲೆಯಲ್ಲೇ ಮಕ್ಕಳ ಕೈಗೆ ಪ್ಲಾಸ್ಟಿಕ್ ಪುಡಿ ಕೊಡುವುದು ಸರಿಯಾ? ಕಾರ್ಡು ಬರೀ ಕಾಗದವೋ ಅಲ್ಲವೋ ಅಂತ ತಿಳಿಯಬೇಕಾದರೆ ಮೂಲೆ ಸ್ವಲ್ಪ ಹರಿದು ನೋಡಿ. ಹರಿದ ಕಡೆ ತೆಳು ಪೊರೆ ಎಳೆದುಕೊಂಡು ಬಂದರೆ ಅದರಲ್ಲಿ ಪ್ಲಾಸ್ಟಿಕ್ ಇದೆ.

ಈ ವಿಷಯವನ್ನು ಪತ್ರಿಕೆಗೇ ಬರೆಯಲು ಇನ್ನೊಂದು ಕಾರಣ ಇದೆ. ಅಂಗಡಿಯಲ್ಲಿ ಮಾರಿದ ಮೊದಲ ಕ್ರಿಸ್ಮಸ್ ಕಾರ್ಡು ಬಂದದ್ದು 1843ರಲ್ಲಿ, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಅನ್ನುವವರು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಅನ್ನುವ ಚಿತ್ರಕಾರರಿಂದ ಬರೆಸಿ, ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ್ದು, ಬಣ್ಣ ಮಾತ್ರ ಕೈಯಲ್ಲಿ ತುಂಬಿದ್ದು. ಬೆಲೆ ಒಂದು ಶಿಲಿಂಗ್, ಅಂದರೆ ಆಗಿನ ಒಂದು ಪೆನ್ನಿ ಅಂಚೆ ಖರ್ಚಿನ ಹನ್ನೆರಡು ಪಟ್ಟು. ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಅದೂ ಕಲ್ಲಚ್ಚೇ! ಈ ಎರಡು ಸಂಗತಿ ಒಂದೇ ವರ್ಷದವು ಅಂತ ತಿಳಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಪತ್ರಿಕಾ ದಿನದ ಸಮಯದಲ್ಲಿ ಒಂದು ಪತ್ರಿಕೆಯಲ್ಲಿ ಬಂದ 'ಮಂಗಳೂರ ಸಮಾಚಾರ'ದ ಮುಖಪುಟದ ಚಿತ್ರವನ್ನು ಝೆರಾಕ್ಸ್ ಮಾಡಿಸಿ ನನ್ನ ಜರ್ನಲ್ಲಿನ ಮೊದಲ ಹಾಳೆಗೆ ಅಂಟಿಸಿದ್ದೇನೆ. ಪತ್ರಿಕೆಯ ಕಾಗದ ಬೇಗ ಹಳದಿಯಾಗಿ ಪುಡಿಯಾಗುತ್ತದೆ, ಅದಕ್ಕೇ ಝೆರಾಕ್ಸ್. ಲಂಡನ್ ರೈಲಿನ ನಕಲಿ ಟಿಕೆಟ್ಟಿಗಿಂತ ಮಂಗಳೂರಿನ ಮಗುವಿಗೆ ಇದು ಹತ್ತಿರ ಅಲ್ವಾ?

ಅಂಚೆಗೆ ಹಾಕುವವರಿಗೆ ಒಂದು ಮಾತು. ಸಾದಾ ಲಕೋಟೆಗೆ 20 ಗ್ರಾಂ ತನಕ ಐದು ರೂಪಾಯಿ ಸ್ಟಾಂಪು. ಎ4 ಅಳತೆಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ದಪ್ಪ ಹಾಳೆ ಒಂದೇ ಸುಮಾರು 19 ಗ್ರಾಂ ತೂಗುತ್ತದೆ, ಲಕೋಟೆ ಸೇರಿದರೆ ಮೀರುತ್ತದೆ. ಅದನ್ನು ಅರ್ಧ ಮಾಡಿ, ಆ ಅರ್ಧವನ್ನು ಮಡಿಸಿದ ಕಾರ್ಡಾದರೆ ಲಕೋಟೆ, ಸುರುಳಿ ಮರ ಎಲ್ಲಾ ಸೇರಿ 20ರ ಒಳಗೇ ನಿಲ್ಲುತ್ತದೆ. ಗುಂಡಿ, ಮಣಿ ಅಂಟಿಸಬೇಡಿ, ಮುದ್ರೆ ಒತ್ತುವಾಗ ಒಡೆಯುತ್ತದೆ. ಕ್ಯಾಲೆಂಡರ್ ಹಾಳೆಯಲ್ಲಿ ಲಕೋಟೆ ಮಾಡಿದರೆ ವಿಳಾಸಕ್ಕೆ ಬಿಳಿ ಕಾಗದ ಅಂಟಿಸಿ, ಅಂಚೆಯವರಿಗೆ ಓದಲು ಸುಲಭ.

ಕೊನೆಗೆ ನನ್ನ ಕೋರಿಕೆ. ಡಿಸೆಂಬರ್ ಮೊದಲ ವಾರದ ಮಕ್ಕಳ ಪುಟದಲ್ಲಿ ಸುರುಳಿ ಮರದ ನಕ್ಷೆಯನ್ನು ನಿಜವಾದ ಅಳತೆಯಲ್ಲಿ, ಪಟ್ಟಿ ಇಡುವ ಗೆರೆಗಳಿಗೆ 1, 2, 3 ಅಂತ ಸಂಖ್ಯೆ ಹಾಕಿ ಅಚ್ಚು ಮಾಡಿ. ಮಗು ಅದನ್ನು ಕತ್ತರಿಸಿ ಮೇಜಿನ ಮೇಲಿಟ್ಟು, ಅದರ ಮೇಲೆ ಕಾರ್ಡು ಮಗುಚಿ, ತೂತಿನಲ್ಲಿ ಕಾಣುವ ಗೆರೆಗಳ ಪ್ರಕಾರ ಪಟ್ಟಿ ಇಡುತ್ತದೆ. ಪಕ್ಕದಲ್ಲಿ ಕೊಳ್ಳುವ ಸಾಮಾನಿನ ಪಟ್ಟಿ ಬೇಡ, 'ಮನೆಯಲ್ಲಿ ಹುಡುಕಿ' ಅಂತ ಬರೆಯಿರಿ. ನಕ್ಷೆಯನ್ನು ನಾನೇ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದರ ಪಕ್ಕ ಇರುವ ನೀಲಿ ಮರದ ಕಾರ್ಡು ನಿಮಗೆ. ಹೋದ ವರ್ಷ ಶಾಲೆಯಿಂದ ವಾಪಸ್ ಬಂದ ಪಟ್ಟಿಗಳಿಂದಲೇ ಮೊಮ್ಮಗಳು ಮೊನ್ನೆ ಮಾಡಿದ್ದು.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ, ಮಂಗಳೂರು