ಮಗಳಿಗೊಂದು ಪತ್ರ: ಸ್ಟ್ರಿಪ್ಪಿನ ಹಿಂಬದಿ ಓದು

ಪುಟ್ಟಿ,

"ಸೋಮವಾರದಿಂದ ಮಾತ್ರೆ ಬಂದ್. ಜೀವನಪೂರ್ತಿ ಇದನ್ನ ನುಂಗ್ಕೊಂಡಿರೋಕಾಗಲ್ಲ" ಅಂತ ನಿನ್ನೆ ನಿನ್ನ ಖಿನ್ನತೆಯ ಮಾತ್ರೆ ಬಗ್ಗೆ ನೀನು ಅಂದೆ. ನಾನು ದನಿ ಏರಿಸಿದೆ, ನೀನು ಫೋನ್ ಇಟ್ಟೆ. ಕೂಗಾಡಿದ್ದಕ್ಕೆ ಕ್ಷಮಿಸು. ಹೇಳಬೇಕಾದದ್ದು ಮಾತ್ರ ಉಳಿದಿದೆ. ಮೆಡಿಕಲ್ ಶಾಪಿನವನ ಮಗಳು ನೀನು, ಓದಲೇಬೇಕು.

ಹೋದ ವರ್ಷದ್ದು ಇಬ್ಬರಿಗೂ ಗೊತ್ತು, ಅದು ಬೇಡ. ಯಾರ ಒತ್ತಾಯವೂ ಇಲ್ಲದೆ, ಗೊತ್ತಿಲ್ಲದ ಊರಲ್ಲಿ ಒಬ್ಬಳೇ ಡಾಕ್ಟರ ಹತ್ತಿರ ಹೋದೆಯಲ್ಲ, ಅದಕ್ಕೆ ನನಗಿರುವ ಹೆಮ್ಮೆ ನಿನ್ನ ಡಿಗ್ರಿಗೂ ಇಲ್ಲ.

ಈಗ ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದು. ಎಸ್ಸಿಟಾಲೋಪ್ರಾಮ್ (ಖಿನ್ನತೆಯ ಔಷಧಿ) 10 ಮಿ.ಗ್ರಾಂ ಅಂತ ಮಾತ್ರ ಇದೆಯೋ, ಜೊತೆಗೆ ಕ್ಲೊನಾಜೆಪಾಮ್ (ಆತಂಕದ ಔಷಧಿ) 0.5 ಅಂತಲೂ ಇದೆಯೋ? ಇವೆರಡನ್ನೂ ಸೇರಿಸಿದ ಒಂದೇ ಮಾತ್ರೆ ನಮ್ಮ ದೇಶದಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. "ಇದರ ಚಟ ಹತ್ತುತ್ತಾ?" ಅಂತ ಕೇಳಿದೆಯಲ್ಲ, ಉತ್ತರ ನಿಂತಿರುವುದು ಆ ಸಾಲಿನ ಮೇಲೆ.

ಎಸ್ಸಿಟಾಲೋಪ್ರಾಮ್‌ನ ಚಟ ಹತ್ತುವುದಿಲ್ಲ. ಇನ್ನಷ್ಟು ಬೇಕು ಅನ್ನಿಸುವುದಿಲ್ಲ, ಮೊದಲ ದಿನವೇ ಹಾಯೆನಿಸುವುದೂ ಇಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ಆದರೆ ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ. ತಟ್ಟನೆ ಬಿಟ್ಟರೆ ಎರಡು ಮೂರು ದಿನದಲ್ಲಿ ತಲೆಸುತ್ತು, ವಾಕರಿಕೆ, ಸಿಡುಕು, ವಿಚಿತ್ರ ಕನಸು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು ಶುರುವಾಗಬಹುದು. ಜನ ಇದನ್ನೇ "ಕಾಯಿಲೆ ವಾಪಸ್ ಬಂತು" ಅಂದುಕೊಳ್ಳುತ್ತಾರೆ. ಕಾಯಿಲೆ ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಕಳೆದ ಮೇಲೆ ನಿಧಾನಕ್ಕೆ ಬರುತ್ತದೆ. ಕರೆಂಟ್ ಹೊಡೆತ ಅದರ ಲಕ್ಷಣವೇ ಅಲ್ಲ.

ಕ್ಲೊನಾಜೆಪಾಮ್ ಕಥೆ ಬೇರೆ. ಮೊದಲ ಮಾತ್ರೆ ಕೆಲಸಕ್ಕೆ ಹತ್ತುವವರೆಗೆ ಆತಂಕ ತಡೆಯಲಿ ಅಂತ ಎರಡು ನಾಲ್ಕು ವಾರಕ್ಕೆ ಕೊಡುವ ಔಷಧಿ ಅದು. ಒಂದೇ ಮಾತ್ರೆಯಲ್ಲಿ ಬೆಸೆದುಬಿಟ್ಟರೆ ಹಳೇ ಚೀಟಿ ತೋರಿಸುತ್ತಾ ತಿಂಗಳುಗಟ್ಟಲೆ ನುಂಗುತ್ತಾರೆ, ಮೈ ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗಾದ ಮೇಲೆ ಒಂದು ಸೋಮವಾರ ಬಂದ್ ಮಾಡಿದರೆ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ರೂಮಿನಲ್ಲಿ ಒಬ್ಬಳೇ ಇರುವವಳು ನೀನು. ಸ್ನಾನದ ಮನೆಯಲ್ಲಿ ಬಂದರೆ? ಮೆಟ್ಟಿಲ ಮೇಲೆ ಬಂದರೆ? ನಿನ್ನೆಯಿಂದ ನನ್ನ ತಲೆಯಲ್ಲಿ ಇದೊಂದೇ. ಆ ಎರಡನೇ ಹೆಸರು ಇದ್ದರೆ ಅಪ್ಪನ ಮೇಲಿನ ಸಿಟ್ಟಿಗೂ ಬಿಡಬೇಡ. ಇಲ್ಲದಿರಲೂಬಹುದು, ನಾನೇ ಏನೇನೋ ಕಲ್ಪಿಸಿಕೊಳ್ಳುತ್ತಿರಬಹುದು. ಆದರೂ ಇದೆಯೋ ಇಲ್ಲವೋ ಮೊದಲು ನೋಡು.

ಬಿಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪೂರ್ತಿ ಸುಧಾರಿಸಿದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ಇಳಿಸುವುದು ರೂಢಿ. ಇಳಿಸುವಾಗ 10ರಿಂದ 5, 5ರಿಂದ 2.5, ಪ್ರತಿ ಹಂತಕ್ಕೂ ಕೆಲವು ವಾರ. ಕೊನೆಯ 2.5ರಿಂದ ಸೊನ್ನೆಗೆ ಇಳಿಯುವುದೇ ಕಷ್ಟ, ಯಾಕೆಂದರೆ ಸಣ್ಣ ಡೋಸೂ ಮೆದುಳಿನಲ್ಲಿ ಸಾಕಷ್ಟು ಕೆಲಸ ಮಾಡುತ್ತಿರುತ್ತದೆ. ದಿನ ಬಿಟ್ಟು ದಿನ ನುಂಗುವ ಉಪಾಯ ಬೇಡ. ಎಸ್ಸಿಟಾಲೋಪ್ರಾಮ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು, ಸುಮಾರು 30 ಗಂಟೆ. ಒಂದು ದಿನ ಬಿಟ್ಟರೆ ರಕ್ತದಲ್ಲಿ ಏರಿಳಿತವಾಗುತ್ತದೆ. ಜೋಡಿ ಮಾತ್ರೆಯನ್ನು ಮುರಿದು ಇಳಿಸಲೂಬಾರದು, ಎರಡೂ ಒಟ್ಟಿಗೇ ಇಳಿಯುತ್ತವೆ. ಮೊದಲು ಎರಡನ್ನೂ ಬೇರೆ ಬೇರೆ ಬರೆದುಕೊಡಿ ಅಂತ ಡಾಕ್ಟರಿಗೆ ಕೇಳು. ಕೇಳಲು ಸಂಕೋಚ ಬೇಡ, ಫೀಸ್ ಕೊಟ್ಟಿದ್ದೀಯ. ನೋಡು, ಭಾಷಣ ಶುರುವಾಯಿತು.

ಬ್ರಿಟನ್ನಿನಲ್ಲಿ 478 ಜನರ ಮೇಲೆ ನಡೆದ ಒಂದು ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಬಹುಕಾಲದಿಂದ ಖಿನ್ನತೆಯ ಮಾತ್ರೆ ತಗೊಂಡು ಈಗ ಬಿಡಬಹುದು ಅನ್ನುವಷ್ಟು ಚೆನ್ನಾಗಿದ್ದವರು ಅವರೆಲ್ಲ. ವರ್ಷದೊಳಗೆ ಖಿನ್ನತೆ ಮರಳಿದ್ದು ಮುಂದುವರಿಸಿದವರಲ್ಲಿ ಶೇ. 39 ಮಂದಿಗೆ, ನಿಧಾನವಾಗಿ ಇಳಿಸಿ ನಿಲ್ಲಿಸಿದವರಲ್ಲಿ ಶೇ. 56 ಮಂದಿಗೆ. ಅಂದರೆ ಮಾತ್ರೆ ರಕ್ಷೆಯೂ ಹೌದು, ಪೂರ್ತಿ ರಕ್ಷೆ ಅಲ್ಲವೂ ಹೌದು. ಬಿಟ್ಟೂ ಚೆನ್ನಾಗಿದ್ದವರು ಕಡಿಮೆಯೇನಲ್ಲ. ನಿನ್ನ ಅನುಮಾನ ಹುಚ್ಚು ಅಂತ ನನಗೆ ಅನ್ನಿಸುವುದಿಲ್ಲ.

"ನಗ್ತಿರೋದು ನಾನಾ, ಮಾತ್ರೆನಾ?" ಅಂದೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಅಳುವೂ ಬಾರದೆ, ಖುಷಿಯೂ ಮುಟ್ಟದೆ ಮನಸ್ಸು ಮರಗಟ್ಟಿದಂತಾಗುವುದು ಈ ಔಷಧಿಗಳ ಗೊತ್ತಿರುವ ಅಡ್ಡಪರಿಣಾಮ. ನಿನ್ನ ಸ್ವಭಾವದ ದೋಷ ಅಲ್ಲ. ಡೋಸ್ ಇಳಿಸಿಯೋ ಔಷಧಿ ಬದಲಿಸಿಯೋ ನೋಡುತ್ತಾರೆ. ಇದನ್ನು ಡಾಕ್ಟರಿಗೆ ಹೇಳದೇ ಬಂದಿರುತ್ತೀಯ, ನನಗೆ ಗೊತ್ತು.

ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಇದರ ಜೊತೆ ಐಬುಪ್ರೊಫೆನ್ ತಗೊಂಡರೆ ರಕ್ತಸ್ರಾವದ ಅಪಾಯ ಹೆಚ್ಚು. ಟ್ರಮಡಾಲ್ ಅನ್ನುವ ನೋವಿನ ಔಷಧಿಯನ್ನಂತೂ ಯಾರು ಕೊಟ್ಟರೂ ಈ ಮಾತ್ರೆ ನುಂಗುತ್ತಿದ್ದೀನಿ ಅಂತ ಹೇಳಿಬಿಡು. ಎರಡನೇ ಹೆಸರು ಇದ್ದರೆ ಕುಡಿತ ಪೂರ್ತಿ ಬೇಡ. ಪಾರ್ಟಿಗೆ ಹೋಗಬೇಡ ಅಂತ ನಾನು ಹೇಳಲಿಲ್ಲ.

ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ, ನನಗೆ ಮಾಡಲು ಇಷ್ಟವಿಲ್ಲದಿದ್ದರೆ, 14416ಕ್ಕೆ ಫೋನ್ ಮಾಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನನಗೇ ಮಾಡಿದರೆ ಇನ್ನೂ ಒಳ್ಳೆಯದು.

ಭಾನುವಾರದೊಳಗೆ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ಕಳಿಸು, ಡಾಕ್ಟರ ಚೀಟಿಯದ್ದೂ. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ.

ಅಪ್ಪ